ರೆಡ್ ಅಲರ್ಟ್ ಅಂದ್ರೆ ಬಚ್ಚಲಲ್ಲಿ ಅಡಗಿ ಕೂರೋದಲ್ಲ ಕೂಸೇ

ಎಲ್ಲರಿಗೂ ನಮಸ್ಕಾರ. ಕುಮಟಾ ಹತ್ತಿರದ ನಮ್ಮ ಮನೆಯಿಂದ ಬರೆಯುತ್ತಿದ್ದೇನೆ. ಮಕ್ಕಳಿಗೆ ರಜೆ ಅಂತ ಡಾಲಸ್‌ನಿಂದ ಬಂದು ಮೂರು ವಾರ ಆಯ್ತು. ಜುಲೈನಲ್ಲಿ ಮಕ್ಕಳನ್ನು ಕರ್ಕೊಂಡು ಊರಿಗೆ ಹೋದರೆ ಮಳೆಯ ಈ ಆರೆಂಜ್, ರೆಡ್ ಅಲರ್ಟ್ ಎಲ್ಲ ನೋಡಿ ಹೆದರಬೇಕಾ ಅಂತ ಹೋದ ವಾರ ಒಬ್ಬರು ಕೇಳಿದ್ದರಲ್ಲ, ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಅದಕ್ಕೇ ಬೇರೆಯಾಗಿ ಹಾಕಿದ್ದೇನೆ.

ಮೊನ್ನೆ ಸಂಜೆ ಟಿವಿಯ ಕೆಳಗೆ ಕೆಂಪು ಪಟ್ಟಿ ಓಡಿತು, ಉತ್ತರ ಕನ್ನಡಕ್ಕೆ ರೆಡ್ ಅಲರ್ಟ್. ನಾನು ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಒಂಬತ್ತು ವರ್ಷದ ಮಗಳು ಎಲ್ಲೂ ಇಲ್ಲ. ಹುಡುಕಿದರೆ ಬಚ್ಚಲಲ್ಲಿ ಸಿಕ್ಕಳು. ಹಂಡೆಯ ಪಕ್ಕ ಮುದುಡಿಕೊಂಡು, ಕಾಲಿಗೆ ಶೂ ಹಾಕಿ, ತಲೆ ಮೇಲೆ ದಿಂಬು ಹಿಡಿದು ಕೂತಿದ್ದಾಳೆ! ಆಯಿ ಬಾಗಿಲಲ್ಲಿ ನಿಂತು "ಎಂತಾ ಆತೇ ಕೂಸೇ" ಅಂತ ಕೇಳುತ್ತಿದ್ದಾಳೆ, ಇವಳು ಅಜ್ಜಿಯ ಸೆರಗು ಹಿಡಿದು ಒಳಗೆ ಎಳೆಯುತ್ತಿದ್ದಾಳೆ, ನೀನೂ ಬಾ ಅಂತ.

ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಟೆಕ್ಸಾಸ್‌ನಲ್ಲಿ ಅವಳಿಗೆ ಕಲಿಸಿದ್ದೇ ಹಾಗೆ. ಅಲ್ಲಿ ಎರಡು ಮಾತು ಇವೆ. ಟೊರ್ನಾಡೋ ವಾಚ್ ಅಂದರೆ ಸುಂಟರಗಾಳಿ ಏಳುವ ವಾತಾವರಣ ಇದೆ, ಕಣ್ಣಿಟ್ಟಿರಿ ಅಂತ. ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಕೇಂದ್ರ ಅದನ್ನು ಹೊರಡಿಸುತ್ತದೆ, ಎಷ್ಟೋ ಕೌಂಟಿಗಳಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಸೇರಿಸಿ, ಕೆಲವು ಗಂಟೆಗಳ ಮಟ್ಟಿಗೆ. ವಾರ್ನಿಂಗ್ ಬೇರೆ. ರೇಡಾರ್‌ನಲ್ಲಿ ಸುಳಿ ಕಂಡಿದೆ, ಇಲ್ಲವೇ ಯಾರೋ ಕಣ್ಣಾರೆ ನೋಡಿದ್ದಾರೆ ಅಂತ ಅರ್ಥ. ಅದನ್ನು ಅಲ್ಲಿಯ ಸ್ಥಳೀಯ ಹವಾಮಾನ ಕಚೇರಿ ಕೊಡುತ್ತದೆ. 2007ರಿಂದ ಇದು ಇಡೀ ಕೌಂಟಿಗೆ ಬರುವುದಿಲ್ಲ, ನಕಾಶೆಯ ಮೇಲೆ ಒಂದು ಚಿಕ್ಕ ತುಂಡು ಎಳೆದು ಅಷ್ಟಕ್ಕೇ ಕೊಡುತ್ತಾರೆ. ಫೋನ್ ಕಿರುಚಿಕೊಳ್ಳುವುದು ಆಗಲೇ. ಕೈಯಲ್ಲಿರುವುದು ಕೆಲವೇ ನಿಮಿಷ, ಅದಕ್ಕೇ ಕಿಟಕಿ ಇಲ್ಲದ ಒಳಗಿನ ಬಾತ್‌ರೂಮ್, ದಿಂಬು, ಶೂ ಎಲ್ಲ.

ಇಲ್ಲಿಯ ರೆಡ್‌ಗೆ ಈ ಲೆಕ್ಕ ಹಿಡಿಯಬೇಡಿ. ನಮ್ಮ ಹವಾಮಾನ ಇಲಾಖೆಯ ಬಣ್ಣ ಬರುವುದು ಇಡೀ ಜಿಲ್ಲೆಗೆ, ಮುಂದಿನ ಕೆಲವು ದಿನಗಳಿಗೆ. ಹಳದಿ ಅಂದರೆ ಸುದ್ದಿ ನೋಡುತ್ತಿರಿ, ಆರೆಂಜ್ ಅಂದರೆ ತಯಾರಾಗಿರಿ, ಕೆಂಪು ಅಂದರೆ ಮಾಡಬೇಕಾದ್ದನ್ನು ಈಗಲೇ ಮಾಡಿ. ಮಳೆಗೆ ಅವರದ್ದೇ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದ್ದು. ಅಪ್ಪಯ್ಯನಿಗೆ ಮಿಲಿಮೀಟರ್ ತಲೆಗೆ ಹೋಗುವುದಿಲ್ಲ, ಅಡಿಕೆ ತೋಟದವರ ಲೆಕ್ಕ ಏನಿದ್ದರೂ ಇಂಚಿನಲ್ಲಿ. ಎರಡೂವರೆ, ನಾಲ್ಕೂವರೆ, ಎಂಟು ಅಂತ ಹೇಳಿದ ಮೇಲೆ "ಹಾಂಗಾರೆ ಸರಿ" ಅಂದರು. ಡಾಲಸ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 37 ಇಂಚು. ಅದರಲ್ಲಿ ಎಂಟು ಇಂಚು ಇಲ್ಲಿ ಒಂದೇ ದಿನಕ್ಕೆ ಅಂದರೆ ಯೋಚನೆ ಮಾಡಿ.

ಆದರೆ ಬಣ್ಣ ಬರೀ ಇಂಚಿನ ಮೇಲೆ ನಿಂತಿಲ್ಲ, ಇದು ನನಗೂ ತಡವಾಗಿ ಗೊತ್ತಾಗಿದ್ದು. ಆಗುವ ಸಾಧ್ಯತೆ ಎಷ್ಟು, ಆಯಿತೆಂದರೆ ಏನೇನು ಹಾಳಾಗಬಹುದು, ಅದನ್ನೂ ಸೇರಿಸಿ ನೋಡುತ್ತಾರೆ. ಹಾಗಾಗಿ "ರೆಡ್ ಅಂದ್ರು, ನಮ್ಮ ಅಂಗಳದಲ್ಲಿ ಬಿಸಿಲು" ಅಂತ ಹೀಗಳೆಯುವುದರಲ್ಲಿ ಅರ್ಥ ಇಲ್ಲ. ಜಿಲ್ಲೆ ಅಂದರೆ ಭಟ್ಕಳದಿಂದ ಹಳಿಯಾಳದ ತನಕ. ಹೊನ್ನಾವರದಲ್ಲಿ ಸುರಿದು ಮುಂಡಗೋಡಿನಲ್ಲಿ ಹನಿ ಬೀಳದಿದ್ದರೂ ಬಣ್ಣ ಒಂದೇ. ಮುಂದಿನ ಮೂರು ಗಂಟೆಗೆ ಅಂತ ಬೇರೆ ಮುನ್ಸೂಚನೆಯೂ ಬರುತ್ತದೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಮುಂಚೆ ಮೌಸಮ್ ಆಪ್‌ನಲ್ಲಿ ಅದನ್ನು ನೋಡಿ. ಸಿಡಿಲಿಗೆ ದಾಮಿನಿ ಆಪ್ ಇದೆ. ಅಂದ ಹಾಗೆ ಶಾಲೆಗೆ ರಜೆ ಕೊಡುವುದು ಹವಾಮಾನ ಇಲಾಖೆ ಅಲ್ಲ, ಜಿಲ್ಲಾಡಳಿತ. ನಮ್ಮ ಅಣ್ಣನ ಮಕ್ಕಳಿಗೆ ರೆಡ್ ಅಂದರೆ ರಜೆ ಅಷ್ಟೇ, ಅವರು ಖುಷಿಯಲ್ಲಿ ಕುಣಿಯುತ್ತಿದ್ದಾಗ ಇವಳು ಬಚ್ಚಲಲ್ಲಿ.

ನಾನು ನಿಜವಾಗಿ ಹೆದರುವುದು ಗುಡ್ಡಕ್ಕೆ. ಬಣ್ಣ ಒಂದು ದಿನದ ಮಳೆಯದ್ದು, ಗುಡ್ಡ ಕುಡಿದಿರುವುದು ಹದಿನೈದು ದಿನದ ನೀರು. ಅಂಕೋಲಾ ಹತ್ತಿರ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಆಗ ಗಂಗಾವಳಿ ನದಿಗೆ ಬಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅದಕ್ಕೇ ವಾರಗಟ್ಟಲೆ ಹೊಯ್ದ ಮೇಲೆ ಬರುವ ಆರೆಂಜ್ ನನಗೆ ಜೂನ್ ಮೊದಲ ವಾರದ ರೆಡ್‌ಗಿಂತ ಜಾಸ್ತಿ ಭಯ. ಆಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಪ್ರೋಗ್ರಾಂ ಇದ್ದರೆ ಸುಮ್ನೆ ಮುಂದೆ ಹಾಕುತ್ತೇನೆ. ಗುಡ್ಡ ಕೊರೆದ ಜಾಗದಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿಯುವುದಂತೂ ಇಲ್ಲವೇ ಇಲ್ಲ, ಎಷ್ಟು ಚಂದದ ಜಲಪಾತ ಕಂಡರೂ.

ಸಮುದ್ರದ್ದು ಇನ್ನೊಂದು. ಮಳೆಗೆ ಹಸಿರು, ಅಂದರೆ ಯಾವ ಎಚ್ಚರಿಕೆಯೂ ಇಲ್ಲದ ದಿನವೂ ಅಲೆ ಜೋರಿರಬಹುದು. ಅಲೆಯ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್ಕಾಯಿಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆ, ಅದನ್ನು ಬೇರೆಯಾಗಿ ನೋಡಬೇಕು. ಗೋಕರ್ಣಕ್ಕೆ ಬಂದವರು ಮಳೆ ನಿಂತಿದೆ ಅಂತ ಮಕ್ಕಳನ್ನು ನೀರಿಗೆ ಇಳಿಸುತ್ತಾರೆ. ದಯವಿಟ್ಟು ಬೇಡ. ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ದೋಣಿಗಳೇ ದಡದಲ್ಲಿ ಕೂತಿರುತ್ತವೆ, ಅದು ಮೀನು ಮರಿಗಾಗಿ ಮಾಡಿದ ನಿಷೇಧ ನಿಜ, ಆದರೆ ಆ ಕಡಲನ್ನು ಒಮ್ಮೆ ನೋಡಿದರೆ ಇಳಿಯುವ ಮನಸ್ಸಾಗುವುದಿಲ್ಲ.

ಪ್ರತಿಕ್ರಿಯೆ, ಶಿರಸಿಯವರು, ಈಗ ಗ್ಲಾಸ್ಗೋ:
ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ಬ್ರಿಟನ್ನಿನದ್ದೂ ಇದೇ ಥರ, ಹಳದಿ, ಆಂಬರ್ (ನಿಮ್ಮ ಆರೆಂಜ್), ಕೆಂಪು. ಸಾಧ್ಯತೆ ಕಡಿಮೆ, ಆದರೆ ಆಯಿತೆಂದರೆ ದೊಡ್ಡ ಹಾನಿ ಅನ್ನುವಾಗಲೂ ಹಳದಿ ಬರುತ್ತದೆ, ಅದಕ್ಕೇ ಹಳದಿಯನ್ನು ಹಗುರವಾಗಿ ತಗೊಳ್ಳಬಾರದು. ಕೆಂಪು ಇಲ್ಲಿ ಬಹಳ ಅಪರೂಪ. 2025ರ ಜನವರಿ 24ರಂದು ಇಯೋವಿನ್ ಬಿರುಗಾಳಿಗೆ ಬಂದಿತ್ತು, ಶಾಲೆ, ರೈಲು ಎಲ್ಲ ಬಂದ್. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ "ಬರೀ ಗಾಳಿಗಾ?" ಅಂದಳು.

ಪ್ರತಿಕ್ರಿಯೆ, ಕಾರವಾರದವರು, ಈಗ ಮಸ್ಕತ್:
ಕಾಳಿ ನದಿ ಪಕ್ಕ ಮನೆ ಇರುವವರಿಗೆ ಒಂದು ಮಾತು. ಕಾರವಾರದಲ್ಲಿ ಬಿಸಿಲಿದ್ದರೂ ಮೇಲೆ ಜೋಯಿಡಾ ಕಡೆ ಹೊಯ್ದರೆ ಕದ್ರಾ ಡ್ಯಾಂನಿಂದ ನೀರು ಬಿಡುತ್ತಾರೆ. ಅದರ ಎಚ್ಚರಿಕೆ ಬೇರೆ, ಬಣ್ಣ ನೋಡಿ ಗೊತ್ತಾಗುವುದಿಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಕೆಳಗಿನ ಊರುಗಳು ಮುಳುಗಿದ್ದವು. ಅಪ್ಪ ಅಮ್ಮ ಇಬ್ಬರೇ ಇದ್ದರೆ ಪಕ್ಕದ ಮನೆಯವರ ನಂಬರ್ ನಿಮ್ಮ ಫೋನಿನಲ್ಲಿ ಇರಲಿ. ಮಗಳು ಈಗ ಹೇಗಿದ್ದಾಳೆ?

ಉತ್ತರ:
ಹುಷಾರಾಗಿದ್ದಾಳೆ. ಇಲಾಖೆಯವರ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನ 8:30ರ ತನಕ ಅಂತ ಹೇಳಿದ್ದೇ ತಪ್ಪಾಯ್ತು. ಈಗ ದಿನಾ ಸರಿಯಾಗಿ ಎಂಟೂವರೆಗೆ ಅಜ್ಜನ ಛತ್ರಿ ಹಿಡಿದು ಅಂಗಳದ ಮಳೆಮಾಪಕದ ಹತ್ತಿರ ನಿಲ್ಲುತ್ತಾಳೆ, ದೋಸೆ ತಣ್ಣಗಾದರೂ ಸರಿ. ಇವತ್ತು ಮೂರೂ ಮುಕ್ಕಾಲು ಇಂಚು. ಅಪ್ಪಯ್ಯ ನಾಲ್ಕು ಅಂತ ಬರೆಯಲು ಹೊರಟಿದ್ದರು, ಬಿಡಲಿಲ್ಲ.