ಪೌರತ್ವವೇ ಇಲ್ಲದವರಿಗೆ ಚಿಕಿತ್ಸೆ ಸಿಗುತ್ತಾ?

ಮಲೆನಾಡಿಗ: ಮ್ಯಾನ್ಮಾರ್‌ನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳಲ್ಲಿ ಹೆಚ್ಚಿನವರಿಗೆ ಯಾವ ದೇಶದ ಪೌರತ್ವವೂ ಇಲ್ಲ ಅಂತ ಓದಿದೆ. ಆದ್ರೂ ಕಾಯಿಲೆ ಬಿದ್ದರೆ ಡಾಕ್ಟರು ನೋಡುತ್ತಾರೆ ಅಲ್ವಾ?

ನರ್ಸಕ್ಕ: ಡಾಕ್ಟರ ತನಕ ಹೋಗೋದೇ ಕಷ್ಟ. ಮ್ಯಾನ್ಮಾರ್‌ನ 1982ರ ಪೌರತ್ವ ಕಾನೂನು ಅವರನ್ನು ಹೊರಗಿಟ್ಟಿತು. ಅವರು ಹೆಚ್ಚಾಗಿರುವ ರಖೈನ್ ರಾಜ್ಯದಲ್ಲಿ ಹೆರಿಗೆ ನೋವು ಶುರುವಾದರೂ ರಾಜಧಾನಿ ಸಿತ್ವೆಯ ಆಸ್ಪತ್ರೆಗೆ ಹೋಗಲು ಮೊದಲು ಪರವಾನಗಿ ಬೇಕು, ದಾರಿಯಲ್ಲಿ ಚೆಕ್‌ಪೋಸ್ಟ್, ಅಲ್ಲಿ ಕೈ ಬಿಸಿ ಮಾಡಬೇಕು, ಅಷ್ಟರ ತನಕ ನೋವು ಕಾಯುತ್ತಾ? ಲಸಿಕೆಯೂ ಸರಿಯಾಗಿ ಸಿಗಲಿಲ್ಲ. 2017ರ ಕೊನೆಗೆ ಅವರು ಓಡಿಹೋಗಿ ಸೇರಿದ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ಡಿಫ್ತೀರಿಯಾ (ಲಸಿಕೆಯಿಂದ ತಡೆಯಬಹುದಾದ ಗಂಟಲಿನ ಕಾಯಿಲೆ) ಹರಡಿದ್ದು ಸುಮ್ನೆ ಅಲ್ಲ.

ಕರಾವಳಿ ಹುಡುಗ: ಎಲ್ಲ ಕಡೆ ಹೀಗಿಲ್ಲ ಮಾರಾಯ್ರೆ. ಥಾಯ್ಲೆಂಡ್ 2010ರಲ್ಲಿ ಪೌರತ್ವದ ತೊಡಕಿರುವವರಿಗೆಂದೇ ಆರೋಗ್ಯ ನಿಧಿ ಮಾಡಿತು. ಆದರೆ ಹೆಸರು ನೋಂದಣಿ ಆಗಿರಬೇಕು.

ಮಲೆನಾಡಿಗ: ಆಗದಿದ್ದವರು?

ಕರಾವಳಿ ಹುಡುಗ: ಜೇಬಿನಿಂದ ಕೊಡಬೇಕು. ಇಲ್ಲಾಂದ್ರೆ ಆಸ್ಪತ್ರೆಯೋ ದಾನಿಗಳೋ ಭರಿಸಬೇಕು.