ಕೌದಿಗೆ ಕಾಟನ್ ಬಟ್ಟೆ: ಬೆಲೆಯೂ ಕೈಗೆಟುಕಬೇಕು, ಬಾಳಿಕೆಯೂ ಬರಬೇಕು. ಹೇಗೆ ಆರಿಸುತ್ತೀರಿ?

ಚೌಕತುಂಡು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ದಿಂಬಿನ ಕವರು, ಕೈಚೀಲ ಅಂತ ಸಣ್ಣಪುಟ್ಟದ್ದನ್ನೇ ತುಂಡು ಜೋಡಿಸಿ ಹೊಲಿಯುತ್ತಿದ್ದೆ. ಈಗ ತಮ್ಮನ ಮಗಳಿಗೆ ಒಂದು ಕೌದಿ ಹೊಲಿಯಬೇಕು ಅಂತ ಮನಸ್ಸಾಗಿದೆ. 60 ಇಂಚು ಅಗಲ, 75 ಇಂಚು ಉದ್ದ. ಅವಳು ಅದನ್ನು ಹಾಸ್ಟೆಲಿಗೆ ತೆಗೆದುಕೊಂಡು ಹೋಗುತ್ತಾಳೆ. ದಿನಾ ಹೊದೆಯುತ್ತಾಳೆ, ಮೆಷಿನ್ನಿಗೆ ಹಾಕಿ ಒಗೆಯುತ್ತಾಳೆ. ಹಾಗಾಗಿ ಗಟ್ಟಿ ಬಟ್ಟೆಯೇ ಬೇಕು. ಆದರೆ ದುಬಾರಿ ಬಟ್ಟೆಯಲ್ಲೇ ಪೂರ್ತಿ ಕೌದಿ ಮಾಡುವಷ್ಟು ದುಡ್ಡು ನನ್ನಲ್ಲಿಲ್ಲ.

ಅಂಗಡಿಯಲ್ಲಿ ಎರಡು ಬಟ್ಟೆ ನೋಡಿದೆ. ಎರಡೂ ಕಾಟನ್, ಎರಡರಲ್ಲೂ ಸಣ್ಣ ಹೂವಿನ ಪ್ರಿಂಟ್, ಪನ್ನವೂ (ಬಟ್ಟೆಯ ಅಗಲ) ಒಂದೇ, 44 ಇಂಚು. ಒಂದರ ಬೆಲೆ ಇನ್ನೊಂದರ ಎರಡರಷ್ಟು. ಕಡಿಮೆ ಬೆಲೆಯದು ಮುಟ್ಟಿದರೆ ಇನ್ನೂ ಗಡುಸಾಗಿದೆ, ಹೊಳಪೂ ಇದೆ. ಹಾಗಾದರೆ ಜಾಸ್ತಿ ದುಡ್ಡು ಯಾತಕ್ಕೆ? ಅಂಗಡಿಯಲ್ಲೇ ನಿಂತು ಗುಣ ಗುರುತಿಸುವುದು ಹೇಗೆ? ಮನೆಯಲ್ಲಿರುವ ಹಳೆ ಶರ್ಟು, ಬೆಡ್‌ಶೀಟು ಸೇರಿಸಬಹುದಾ? ಇನ್ನೊಂದು, ಹೊಲಿಯುವ ಮೊದಲೇ ಬಟ್ಟೆ ಒಗೆಯಲೇಬೇಕಾ?

ಹಾಸುಹೊಕ್ಕು:

ನಾನು ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕ್ಕಿಂಗ್ ಮಾಡುತ್ತಿದ್ದವಳು. ಕೆಳಗಿನಿಂದ ದೀಪ ಹಾಕಿದ ಮೇಜಿನ ಮೇಲೆ ಬಟ್ಟೆ ಓಡಿಸುತ್ತಾ ದಿನವಿಡೀ ನೋಡುತ್ತಿದ್ದೆ. ಅಲ್ಲಿ ಕಲಿತದ್ದನ್ನೇ ಕೌದಿಗೂ ಬಳಸುತ್ತೇನೆ. ಆ ಗಡುಸು, ಹೊಳಪು ಎರಡನ್ನೂ ಮೊದಲು ಮನಸ್ಸಿನಿಂದ ತೆಗೆದುಹಾಕಿ. ಪ್ರಿಂಟನ್ನೂ ಸ್ವಲ್ಪ ಹೊತ್ತು ಮರೆತುಬಿಡಿ. ಒಂದೇ ಹೂವಿನ ಡಿಸೈನನ್ನು ಒಳ್ಳೆ ಬಟ್ಟೆಯ ಮೇಲೂ ಅಚ್ಚು ಹಾಕಬಹುದು, ಜಾಳು ಬಟ್ಟೆಯ ಮೇಲೂ ಹಾಕಬಹುದು. ನೀವು ಕೊಂಡುಕೊಳ್ಳುತ್ತಿರುವುದು ಅದರ ಕೆಳಗಿನ ನೇಯ್ಗೆ.

ಬಟ್ಟೆಯ ಒಂದು ಪದರವನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಎಳೆಗಳ ನಡುವೆ ಸಂದು ಎಲ್ಲ ಕಡೆ ಒಂದೇ ಸಮ ಇದೆಯಾ ನೋಡಿ. ಕೆಲವು ಕಡೆ ದಪ್ಪ ಎಳೆ, ಕೆಲವು ಕಡೆ ಪಟ್ಟೆ ಪಟ್ಟೆಯಾಗಿ ಬೆಳಕು ತೂರಿಬಂದರೆ ಆ ಬಟ್ಟೆ ಬೇಡ. ಕೌದಿಗೆ ಅಂತಲೇ ಬರುವ ಕಾಟನ್‌ನಲ್ಲಿ ಒಂದು ಇಂಚಿಗೆ ಹಾಸಿನಲ್ಲಿ, ಅಂದರೆ ಉದ್ದ ಎಳೆಯಲ್ಲಿ, 60ರಿಂದ 78 ಎಳೆ, ಹೊಕ್ಕಿನಲ್ಲೂ, ಅಂದರೆ ಅಡ್ಡ ಎಳೆಯಲ್ಲೂ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಣಿಸಬೇಕು ಅಂದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ. ಪಕ್ಕದಲ್ಲೊಂದು ಸ್ಕೇಲ್ ಇಟ್ಟಿರಿ. ಒಂದು ಸೆಂಟಿಮೀಟರಿನಲ್ಲಿ 24 ಎಳೆ ಸಿಕ್ಕರೆ ಇಂಚಿಗೆ 60 ಅಂತ ಲೆಕ್ಕ. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಹೊಲಿಗೆಯಾಚೆ ಬಿಡುವ ಕಾಲಿಂಚು ಹೊಲಿಗೆ ಅಂಚು ಒಗೆತಕ್ಕೆ ತಡೆಯುವುದಿಲ್ಲ. ಎಳೆ ಜಾರಿ ಜಾರಿ ಹೊಲಿಗೆಯೇ ಬಾಯಿ ಬಿಡುತ್ತದೆ. ನಿಮ್ಮ ಕೌದಿ ಮೆಷಿನ್ನಿಗೆ ಬೀಳುವುದರಿಂದ ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಆಮೇಲೆ ಕತ್ತರಿಸಿದ ಅಂಚು ನೋಡಿ. ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಒಂದೆರಡು ಎಳೆ ಬಂದರೆ ಪರವಾಗಿಲ್ಲ. ಸುಮ್ನೆ ಮುಟ್ಟಿದ್ದಕ್ಕೇ ಎಳೆಯ ಸಾಲುಗಳು ಕಳಚಿಕೊಂಡು ಬಂದರೆ ನೇಯ್ಗೆ ಸಡಿಲ ಅಂತ ಅರ್ಥ.

ಇನ್ನು ಆ ಗಡುಸಿನ ವಿಷಯ. ಬಟ್ಟೆಯ ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಗೆಯುವಾಗ ಉಜ್ಜುತ್ತೀರಲ್ಲ, ಹಾಗೆ ಗಸಗಸ ಉಜ್ಜಿ. ಬೆರಳಿಗೆ ಬಿಳಿ ಪುಡಿ ಅಂಟಿತಾ? ಉಜ್ಜಿದ ಜಾಗ ಮಾತ್ರ ಮೆತ್ತಗಾಗಿ ಜೋತುಬಿತ್ತಾ? ಹಾಗಾದರೆ ಅದು ಗಂಜಿಯ ಗಡುಸು, ಮೊದಲ ಒಗೆತಕ್ಕೇ ಹೋಗುತ್ತದೆ. ಒಳ್ಳೆ ಬಟ್ಟೆಗೂ ಸ್ವಲ್ಪ ಗಂಜಿ ಹಾಕಿಯೇ ಹಾಕಿರುತ್ತಾರೆ. ಆದರೆ ಗಂಜಿ ಹೋದ ಮೇಲೂ ಅದಕ್ಕೆ ಮೈ ಇರುತ್ತದೆ.

ಹಾಗೇ ಪ್ರಿಂಟ್ ಸೊಟ್ಟಗಿದೆಯಾ ಗಮನಿಸಿ. ಹೂವಿನ ಸಾಲು ಅಡ್ಡ ಎಳೆಗೆ ಸಮವಾಗಿ ಓಡಬೇಕು. ಓರೆಯಾಗಿದ್ದರೆ ನೀವು ಎಳೆ ನೋಡಿ ಕತ್ತರಿಸಿದರೆ ಹೂವು ಸೊಟ್ಟ, ಹೂವು ನೋಡಿ ಕತ್ತರಿಸಿದರೆ ತುಂಡು ಓರೆಗೆ ಹೋಗಿ ಹಿಗ್ಗುತ್ತದೆ. ಚೌಕುಳಿ, ಪಟ್ಟೆ ಪ್ರಿಂಟಿನಲ್ಲಂತೂ ಇದು ಎದ್ದು ಕಾಣುತ್ತದೆ.

ಕೊನೆಗೆ ನನ್ನ ಸಲಹೆ: ನಾಳೆಯೇ ಪೂರ್ತಿ ಬಟ್ಟೆ ತರಬೇಡಿ. ಎರಡರಲ್ಲೂ ಅರ್ಧರ್ಧ ಮೀಟರ್ ತನ್ನಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 44 ಇಂಚು ಪನ್ನದ ಅರ್ಧ ಮೀಟರ್ ಅಂದರೆ ಸುಮಾರು 0.56 ಚದರ ಮೀಟರ್. ಗ್ರಾಂ ಲೆಕ್ಕವನ್ನು 0.56ರಿಂದ ಭಾಗಿಸಿದರೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವುದು ಬರುತ್ತದೆ. 75 ಗ್ರಾಂ ತೂಗಿದರೆ 134 ಜಿಎಸ್‌ಎಂ. ಕೌದಿಗೆ 130ರಿಂದ 150ರ ಆಸುಪಾಸು ಹದವಾಗಿರುತ್ತದೆ. ತೂಗಿದ ಮೇಲೆ ಅದರ ಮೇಲೆ ಸರಿಯಾಗಿ 10 ಇಂಚಿನ ಚೌಕ ಗುರುತು ಹಾಕಿ, ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ, ತೂಗಿ. ಗಂಜಿ ಎಷ್ಟು, ಬಟ್ಟೆ ಎಷ್ಟು ಅಂತ ತಕ್ಕಡಿಯೇ ಹೇಳುತ್ತದೆ.

ಹಳೆಅಂಗಿ:

ಹಳೆ ಶರ್ಟಿನ ಬಗ್ಗೆ ನಾನು ಹೇಳುತ್ತೇನೆ. ನನ್ನ ಕೌದಿಗಳಲ್ಲಿ ಅರ್ಧಕ್ಕರ್ಧ ಅವೇ ಇರುತ್ತವೆ. ಧಾರಾಳವಾಗಿ ಬಳಸಿ, ಆದರೆ ಎಲ್ಲಿಂದ ಕತ್ತರಿಸುತ್ತೀರಿ ಅನ್ನುವುದು ಮುಖ್ಯ. ಕಾಲರ್ ಸುತ್ತ, ಮೊಣಕೈ, ಕಂಕುಳು ಇವನ್ನು ಬಿಡಿ. ಬೆನ್ನಿನ ಕೆಳಭಾಗ ಮತ್ತು ಪ್ಯಾಂಟಿನೊಳಗೆ ಹೋಗುವ ಮುಂಭಾಗದ ತುದಿ ಹೆಚ್ಚು ಸವೆದಿರುವುದಿಲ್ಲ. ಬೆಳಕಿಗೆ ಹಿಡಿದಾಗ ತೆಳುವಾಗಿ ಕಂಡ ಜಾಗವನ್ನು ಕೈಯಿಂದ ಜಗ್ಗಿ ನೋಡಿ. ಚರ್ ಅಂದರೆ ಅದು ಹೊಸ ಬಟ್ಟೆಯ ಪಕ್ಕ ನಿಲ್ಲುವುದಿಲ್ಲ. ಕೌದಿ ಒಗೆಯುವಾಗ ಗಟ್ಟಿ ತುಂಡು ಪಕ್ಕದ ಜೀರ್ಣ ತುಂಡನ್ನು ಎಳೆದು ಹರಿಯುತ್ತದೆ.

ಇನ್ನೊಂದು ವಿಷಯ. ಎಷ್ಟೋ ಶರ್ಟು ಕಾಟನ್ ಥರ ಕಂಡರೂ ಪಾಲಿಯೆಸ್ಟರ್ ಬೆರೆತಿರುತ್ತದೆ. ಲೇಬಲ್ ಹೋಗಿದ್ದರೆ ನಾಲ್ಕೈದು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ಸೋಕಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಇದ್ದರೆ ಕರಗಿ, ಆರಿದ ಮೇಲೆ ಗಟ್ಟಿ ಗುಂಡು ಉಳಿಯುತ್ತದೆ. ಬೆರಕೆ ಬಟ್ಟೆ ಕೆಟ್ಟದ್ದು ಅಂತಲ್ಲ. ಇಸ್ತ್ರಿ ಮಾಡಿದ ಮಡಿಕೆ ಅದರಲ್ಲಿ ನಿಲ್ಲುವುದಿಲ್ಲ. ಹತ್ತಿ ಕುಗ್ಗಿದಾಗ ಅದು ಕುಗ್ಗುವುದಿಲ್ಲ, ಸುತ್ತ ನಿರಿಗೆ ಬೀಳುತ್ತದೆ. ನಾನು ಅಂಥವನ್ನು ಪಕ್ಕಕ್ಕಿಟ್ಟು ಪೂರ್ತಿ ಬೆರಕೆಯದೇ ಬೇರೆ ಕೌದಿ ಮಾಡುತ್ತೇನೆ.

ಕೈಹೊಲಿಗೆ:

ಬೆಡ್‌ಶೀಟ್ ಬಗ್ಗೆ ಸ್ವಲ್ಪ ಎಚ್ಚರ. ಪ್ಯಾಕೆಟ್ ಮೇಲೆ 200, 300 ಅಂತ ಇರುವುದು ಹಾಸು ಮತ್ತು ಹೊಕ್ಕು ಎರಡೂ ಸೇರಿದ ಲೆಕ್ಕ. 200 ಅಂದರೂ ಒಂದೊಂದು ಕಡೆ ನೂರರ ಹತ್ತಿರ ಎಳೆ ಆಯಿತು, ಕೌದಿ ಬಟ್ಟೆಗಿಂತ ತುಂಬಾ ಒತ್ತು. ನನ್ನ ಹಾಗೆ ಕೈಯಲ್ಲಿ ಟಾಕಿ ಹಾಕುವವರಿಗೆ ಬೆರಳು ನೋವೇ ಗತಿ. ಮೂರು ಪದರ ದಾಟಿಸುವಷ್ಟರಲ್ಲಿ ಸೂಜಿ ಬಾಗುತ್ತದೆ. ಮೆಷಿನ್ನಿನಲ್ಲಾದರೆ ಮಾಡಬಹುದು. ಮೊನೆ ಚೂಪಿರುವ ಮೈಕ್ರೋಟೆಕ್ಸ್ ಸೂಜಿ, 70 ಅಥವಾ 80 ನಂಬರಿನದು ಹಾಕಿ. ಬಳಸಿ ಬಳಸಿ ಮೆತ್ತಗಾದ ಶೀಟು ಹೊಸದಕ್ಕಿಂತ ಸುಲಭ, ಆದರೆ ನಡುವಿನ ಭಾಗ ಸವೆದಿರುತ್ತದೆ. ಅಂಚಿನ ಕಡೆಯದನ್ನು ಬಳಸಿ.

ಚೌಕತುಂಡು:

ಎಲ್ಲರಿಗೂ ತುಂಬಾ ಧನ್ಯವಾದ. ಹಾಸುಹೊಕ್ಕು ಅಕ್ಕ, ನೀವು ಹೇಳಿದ ಹಾಗೆ ಅರ್ಧರ್ಧ ಮೀಟರ್ ತಂದೆ. ಜೊತೆಗೆ ಅದೇ ಅಂಗಡಿಯಲ್ಲಿ ಪ್ರಿಂಟ್ ಇಲ್ಲದ, ಒಂದೇ ಬಣ್ಣದ ಕಾಟನ್ ಕೂಡ ತಂದೆ. ಕೆಂಪು. ಅದರ ಬೆಲೆ ಅಗ್ಗದ ಹೂವಿನದಕ್ಕಿಂತ ಸ್ವಲ್ಪವೇ ಜಾಸ್ತಿ.

ತೂಕ ನೋಡಿ ಆಶ್ಚರ್ಯವಾಯಿತು. ಒಗೆಯುವ ಮೊದಲು ಅಗ್ಗದ್ದು 77 ಗ್ರಾಂ, ದುಬಾರಿಯದು 80. ಹೆಚ್ಚೇನೂ ವ್ಯತ್ಯಾಸ ಇಲ್ಲ, ಅಲ್ವಾ? ಒಗೆದು ಒಣಗಿಸಿದ ಮೇಲೆ ದುಬಾರಿಯದು 78, ಅಗ್ಗದ್ದು 64! ಅದರ 10 ಇಂಚಿನ ಚೌಕ ಉದ್ದಕ್ಕೆ 9 ಕಾಲು ಇಂಚಿಗೆ ಇಳಿದಿತ್ತು. ಕಿಟಕಿಗೆ ಹಿಡಿದರೆ ಆಚೆಯ ಗಿಡ ಕಾಣುತ್ತದೆ. ಒಂದೇ ಬಣ್ಣದ್ದು 75 ಇದ್ದದ್ದು 73 ಆಯಿತು, ಚೌಕವೂ ಕಾಲಿಂಚಷ್ಟೇ ಕುಗ್ಗಿತು. ನೇಯ್ಗೆ ದುಬಾರಿಯದರಷ್ಟೇ ಒತ್ತಾಗಿದೆ. ಆದರೆ ನೀರೆಲ್ಲ ಗುಲಾಬಿ ಬಣ್ಣ! ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಕೇಳಿದ್ದೇನೆ. ಹಾಗೆ ಮಾಡಲಾ? ಮತ್ತೆ ಒಟ್ಟು ಎಷ್ಟು ಮೀಟರ್ ಬೇಕಾಗಬಹುದು?

ಹಾಸುಹೊಕ್ಕು:

ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ್ದೀರಿ! ನನಗೆ ತುಂಬಾ ಖುಷಿಯಾಯಿತು. ಅಗ್ಗದ್ದರಲ್ಲಿ 13 ಗ್ರಾಂ ಹೋಯಿತಲ್ಲ, ಅಷ್ಟು ಗಂಜಿಗೆ ನೀವು ಬಟ್ಟೆಯ ದುಡ್ಡು ಕೊಟ್ಟಂತಾಯಿತು. ಮೇಲಾಗಿ ಉದ್ದದಲ್ಲಿ ನೂರಕ್ಕೆ ಏಳೂವರೆ ಭಾಗ ಕುಗ್ಗಿತು. ಒಳ್ಳೆ ಕಾಟನ್ ಸಾಮಾನ್ಯವಾಗಿ 3ರಿಂದ 5 ಭಾಗ ಕುಗ್ಗುತ್ತದೆ. ಇಷ್ಟೊಂದು ಬೇರೆ ಬೇರೆಯಾಗಿ ಕುಗ್ಗುವ ಬಟ್ಟೆಗಳನ್ನು ಬೆರೆಸುವಾಗ ಎಲ್ಲವನ್ನೂ ಮೊದಲೇ ಒಗೆಯಬೇಕು. ಒಂದೇ ಗುಣದ ಬಟ್ಟೆಯಾದರೆ ಒಗೆಯದೆ ಹೊಲಿಯುವವರೂ ಇದ್ದಾರೆ. ಆಮೇಲೆ ಒಗೆದಾಗ ಬೀಳುವ ಸಣ್ಣ ಸುಕ್ಕು ಅವರಿಗೆ ಇಷ್ಟ. ಶರ್ಟು ಸೇರಿಸುವ ನಿಮಗೆ ಅದು ಬೇಡ.

ಉಪ್ಪು, ವಿನೆಗರ್ ಬೇಡ. ಈಗ ಹತ್ತಿ ಬಟ್ಟೆಗೆ ಹೆಚ್ಚಾಗಿ ಹಾಕುವುದು ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯ ಜೊತೆಗೇ ಬೆಸೆದುಕೊಳ್ಳುವ ಬಣ್ಣ. ಉಪ್ಪಿನ ಕೆಲಸ ಬಣ್ಣ ಹಾಕುವಾಗಲೇ ಮುಗಿದಿರುತ್ತದೆ. ವಿನೆಗರ್ ಉಪಯೋಗಕ್ಕೆ ಬರುವುದು ಉಣ್ಣೆ, ರೇಷ್ಮೆಗೆ ಹಾಕುವ ಆಸಿಡ್ ಬಣ್ಣಕ್ಕೆ. ನಿಮ್ಮ ಕೆಂಪಿನಲ್ಲಿ ಈಗ ಬಿಡುತ್ತಿರುವುದು ಎಳೆಗೆ ಅಂಟಿಕೊಳ್ಳದೆ ಉಳಿದ ಬಣ್ಣ. ಅದನ್ನು ಹೊರಗೆ ಕಳಿಸಬೇಕು. ದೊಡ್ಡ ಬಕೆಟ್ಟಿನಲ್ಲಿ ಜಾಸ್ತಿ ಬಿಸಿನೀರು, ಸ್ವಲ್ಪ ಡಿಟರ್ಜೆಂಟ್, ಕೆಂಪು ಬಟ್ಟೆ ಒಂದೇ. ನೀರು ತಿಳಿಯಾಗುವವರೆಗೆ ಬದಲಿಸಿ ಬದಲಿಸಿ ಒಗೆಯಿರಿ. ಆಮೇಲೆ ಒದ್ದೆ ಇದ್ದಾಗಲೇ ಒಂದು ಬಿಳಿ ಕಾಟನ್ ಚೂರನ್ನು ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಬಿಳಿಯಾಗೇ ಉಳಿದರೆ ಬಳಸಿ. ಇಷ್ಟಾದರೂ ಗುಲಾಬಿ ಮೂಡಿದರೆ ಈ ಕೌದಿಗೆ ಕೆಂಪು ಬೇಡ, ಅದೇ ಬಟ್ಟೆಯಲ್ಲಿ ತಿಳಿ ಬಣ್ಣ ಆರಿಸಿ.

ಈಗ ಲೆಕ್ಕ. ಜನ ಮೀಟರಿನ ಬೆಲೆ ನೋಡಿ ಅಲ್ಲೇ ನಿಂತುಬಿಡುತ್ತಾರೆ. ಬಟ್ಟೆ ನಿಜವಾಗಿ ಖರ್ಚಾಗುವುದು ಹೊಲಿಗೆ ಅಂಚಿನಲ್ಲಿ. ಹೊಲಿದ ಮೇಲೆ 5 ಇಂಚು ಕಾಣಬೇಕಾದ ಚೌಕವನ್ನು 5.5 ಇಂಚಿಗೆ ಕತ್ತರಿಸುತ್ತೀರಿ. ಅಲ್ಲಿಗೆ ಕಾಣುವ ಜಾಗಕ್ಕಿಂತ 21 ಪರ್ಸೆಂಟ್ ಜಾಸ್ತಿ ಬಟ್ಟೆ. ಅದೇ 2.5 ಇಂಚಿನ ಚೌಕವಾದರೆ 3 ಇಂಚಿಗೆ ಕತ್ತರಿಸಬೇಕು, 44 ಪರ್ಸೆಂಟ್ ಜಾಸ್ತಿ. ದಾರವೂ ಎರಡರಷ್ಟು. ಹಾಗಾಗಿ ನೀವು 5 ಇಂಚಿನ ಚೌಕವನ್ನೇ ಇಟ್ಟುಕೊಳ್ಳಿ. ಅಡ್ಡ 12, ಉದ್ದ 15, ಒಟ್ಟು 180 ಚೌಕ. ಒಗೆದು ಅಂಚು ತೆಗೆದ ಮೇಲೆ 42 ಇಂಚು ಪನ್ನ ಉಳಿದರೆ ಒಂದು ಪಟ್ಟಿಯಲ್ಲಿ 7 ಚೌಕ ಬರುತ್ತವೆ. 26 ಪಟ್ಟಿ ಬೇಕು, ಅಂದರೆ 143 ಇಂಚು. ಕುಗ್ಗುವುದಕ್ಕೂ ಸೇರಿಸಿ 4 ಮೀಟರ್ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಶರ್ಟಿನಿಂದಲೇ ಬಂದರೆ ಹೊಸದು ಎರಡು ಮೀಟರ್ ಸಾಕು. ಒಂದೇ ಬಣ್ಣದ್ದು ಇಷ್ಟು ಚೆನ್ನಾಗಿದೆಯಲ್ಲ, ಅದನ್ನೇ ಜಾಸ್ತಿ ಹಾಕಿ. ದುಬಾರಿ ಹೂವಿನದು ಅರ್ಧ ಮೀಟರ್ ಆಗಲೇ ಇದೆ, ನಡುನಡುವೆ ಬರಲಿ.

ಹಿಂಬದಿಗೆ ನಾಲ್ಕೂ ಕಡೆ 4 ಇಂಚು ಜಾಸ್ತಿ ಬೇಕು, ಅಂದರೆ 68 ಇಂಚು ಅಗಲ, 83 ಇಂಚು ಉದ್ದ. ಎಲ್ಲರೂ ಎರಡು ಉದ್ದ ತುಂಡು ಪಕ್ಕಪಕ್ಕ ಜೋಡಿಸುತ್ತಾರೆ. ಹಾಗೆ ಮಾಡಿದರೆ 166 ಇಂಚು ಬಟ್ಟೆ ಬೇಕು. ನೀವು ತುಂಡುಗಳನ್ನು ಅಡ್ಡಡ್ಡ ಹಾಕಿ, 68 ಇಂಚಿನ ಎರಡು, ಒಂದರ ಕೆಳಗೆ ಒಂದು. 136 ಇಂಚಿಗೆ ಮುಗಿಯಿತು. ಮುಕ್ಕಾಲು ಮೀಟರ್ ಉಳಿತಾಯ. ಅಳತೆ ಬಿಗಿಯಾಗಿದೆ ನಿಜ. ಒಂದೆರಡು ಇಂಚು ಕಡಿಮೆಯಾದರೆ ಮಿಕ್ಕ ಚೌಕಗಳನ್ನು ಸಾಲಾಗಿ ಹೊಲಿದು ನಡುವೆ ಸೇರಿಸಿ. ಹಿಂಬದಿಗೂ ಒಂದು ಚೆಂದ ಬರುತ್ತದೆ.

ಒಂದು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಸುತ್ತ ಕಟ್ಟುವ ಅಂಚುಪಟ್ಟಿ. ಕೌದಿ ಮೊದಲು ಹರಿಯುವುದೇ ಅಲ್ಲಿ, ಕತ್ತಿನ ಹತ್ತಿರ ಎಳೆದುಕೊಳ್ಳುವ ಕಡೆ. ಅದಕ್ಕೆ ನಿಮ್ಮಲ್ಲಿರುವುದರಲ್ಲೇ ಒತ್ತು ನೇಯ್ಗೆಯ ಹೊಸ ಬಟ್ಟೆ ಹಾಕಿ. ಶರ್ಟು ಬೇಡ. 2.5 ಇಂಚಿನ 7 ಪಟ್ಟಿ ಅಂದರೆ ಹದಿನೇಳೂವರೆ ಇಂಚು, ಅರ್ಧ ಮೀಟರಿನ ಲೆಕ್ಕ. ಕುಗ್ಗುವುದು ಸೇರಿ 60 ಸೆಂಟಿಮೀಟರ್ ತನ್ನಿ, ಪಟ್ಟಿಯನ್ನು ಎರಡಾಗಿ ಮಡಚಿ ಹೊಲಿಯಿರಿ.

ಚೌಕತುಂಡು:

ಅಕ್ಕ, ಬರೆದಿಟ್ಟುಕೊಂಡೆ. ಕೆಂಪಿನ ನೀರು ಮೂರನೇ ಬಕೆಟ್ಟಿಗೆ ತಿಳಿಯಾಯಿತು, ಬಿಳಿ ಚೂರಿಗೂ ಏನೂ ಹತ್ತಲಿಲ್ಲ. ಅಂಚುಪಟ್ಟಿಗೆ ಅದನ್ನೇ ಹಾಕುತ್ತೇನೆ. ಅಂಗಡಿಯಲ್ಲಿ ಅದೇ ಥಾನಿನಿಂದ ಕತ್ತರಿಸಿ ಕೊಡಲು ಹೇಳಿದ್ದೇನೆ.