ಹೂಕುಂಡದಲ್ಲಿ ಸಿಕ್ಕಿದ್ದು ನಾಗರಮರಿನಾ?

ಪ್ರಶ್ನೆ: ಗಿಡದ ಕುಂಡ ಬದಲಿಸುವಾಗ ಮಣ್ಣಿನಿಂದ ಕಪ್ಪಗೆ, ಗೇಣುದ್ದಕ್ಕೂ ಕಡಿಮೆ ಇರುವ ಹುಳದಂಥದ್ದು ಹೊರಬಂತು. ಎರೆಹುಳ ಅಂದುಕೊಂಡರೆ ಸರಸರ ಓಡಿತು, ನಾಲಿಗೆ ಬೇರೆ ಚಾಚಿತು. ಮನೆಯಲ್ಲಿ ನಾಗರಮರಿ ಅನ್ನುತ್ತಿದ್ದಾರೆ, ಕಿವಿಗೆ ಹೊಕ್ಕುತ್ತದೆ ಅಂತಲೂ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಹಾವುಗಳ ಬಗ್ಗೆ ಕೆಲಸ ಮಾಡುವವರು): ಇದು ಹುಳುಹಾವು, ಕುರುಡು ಹಾವು ಅಂತಲೂ ಕರೆಯುತ್ತಾರೆ. ವಿಷ ಇಲ್ಲ. ನಾಗರಮರಿ ಮೊಟ್ಟೆಯಿಂದ ಬರುವಾಗಲೇ ಇದಕ್ಕಿಂತ ಉದ್ದ, ದಪ್ಪ ಇರುತ್ತದೆ, ಕಣ್ಣೂ ಚೆನ್ನಾಗಿ ಕಾಣುತ್ತದೆ. ಇದರ ಕಣ್ಣು ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕೆ ಅಷ್ಟೇ, ಬೆಳಕು ಕತ್ತಲೆ ಗೊತ್ತಾದರೆ ಅದಕ್ಕೆ ಸಾಕು. ಎರೆಹುಳದ ಹಾಗೆ ಮೈಮೇಲೆ ಉಂಗುರ ಇಲ್ಲ, ಲೋಳೆ ಇಲ್ಲ, ಒಣಗಿದ ನುಣುಪು ಹೊಳಪು. ಬಾಲದ ತುದಿಯಲ್ಲಿ ಪುಟ್ಟ ಮುಳ್ಳಿದೆ. ಕೈಗೆತ್ತಿಕೊಂಡರೆ ಅದನ್ನೇ ಒತ್ತುತ್ತದೆ, ಜನ ಕಚ್ಚಿತು ಅಂತ ಕಿರುಚುತ್ತಾರೆ. ಕಿವಿಯ ಮಾತು ಸುಮ್ನೆ ಹಬ್ಬಿದ್ದು. ಇರುವೆ, ಗೆದ್ದಲಿನ ಮೊಟ್ಟೆ, ಮರಿಹುಳ ಹುಡುಕುತ್ತಾ ಮಣ್ಣಿನಲ್ಲಿ ತಿರುಗುವ ಪ್ರಾಣಿಗೆ ನಿಮ್ಮ ಕಿವಿಯಲ್ಲಿ ಏನು ಕೆಲಸ?

ಮತ್ತೊಬ್ಬರು: ಕುಂಡದಲ್ಲಿ ಒಂದೇ ಇದ್ದರೆ ಸಂತಾನ ಬೆಳೆಯಲ್ಲ, ಅಲ್ವಾ?

ಉತ್ತರ: ಬೆಳೆಯುತ್ತೆ! ಈ ಜಾತಿಯಲ್ಲಿ ಎಲ್ಲವೂ ಹೆಣ್ಣೇ. ಗಂಡಿನ ಸಹವಾಸವೇ ಇಲ್ಲದೆ ಮೊಟ್ಟೆ ಇಡುತ್ತವೆ, ಮರಿಗಳು ತಾಯಿಯ ಪಡಿಯಚ್ಚು. ನಮಗೆಲ್ಲ ಪ್ರತಿ ಕ್ರೋಮೋಸೋಮ್ (ಜೀವಕೋಶದಲ್ಲಿ ವಂಶವಾಹಿಗಳಿರುವ ಎಳೆ) ಎರಡೆರಡು ಪ್ರತಿ ಇದ್ದರೆ ಇದಕ್ಕೆ ಮೂರು ಮೂರು. 1803ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ದೋದಾಂ ಇದನ್ನು ವಿವರಿಸಿ ಬ್ರಾಮಿನಸ್ ಅಂತ ಹೆಸರಿಟ್ಟರು. ದಕ್ಷಿಣ ಏಷ್ಯಾದ ಮೂಲದ್ದು, ಆದರೆ ಗಿಡದ ಮಣ್ಣಿನ ಜೊತೆ ಸವಾರಿ ಮಾಡಿ ಹವಾಯಿ, ಫ್ಲೋರಿಡಾ, ಮೆಕ್ಸಿಕೋ, ಆಫ್ರಿಕಾ ತನಕ ಹೋಗಿದೆ. ಒಂದು ಹಾವು ತಲುಪಿದರೆ ಸಾಕು, ಅಲ್ಲೇ ಸಂಸಾರ ಶುರು. ಹಾವುಗಳಲ್ಲಿ ಇಷ್ಟು ದೇಶ ಸುತ್ತಿದ್ದು ಬೇರೊಂದಿಲ್ಲ.

ಮೊದಲಿನವರು: ಸರಿ, ಈಗ ಹೊರಗೆ ಬಿಡಬೇಕಾ? ಮಳೆ ಬಂದಾಗ ಬಚ್ಚಲಲ್ಲೂ ಇಂಥದ್ದೇ ಕಾಣಿಸುತ್ತದೆ.

ಉತ್ತರ: ಕುಂಡದಲ್ಲೇ ಇರಲಿ, ಬೇರು ತಿನ್ನಲ್ಲ. ಮಳೆಗೆ ಮಣ್ಣು ನೆನೆದಾಗ ಮೇಲೆ ಬರುತ್ತವೆ, ಬಚ್ಚಲು ಸೇರುವುದೂ ಆಗಲೇ. ಬಚ್ಚಲಲ್ಲಿ ಕಂಡದ್ದನ್ನು ಕಾಗದದ ಮೇಲೆ ಹತ್ತಿಸಿಕೊಂಡು, ನೆರಳಿನಲ್ಲಿ ತರಗೆಲೆ ಬಿದ್ದ ಒದ್ದೆ ಮಣ್ಣಿಗೆ ಬಿಡಿ. ಬಿಸಿಲಿಗೆ ಬಿಟ್ಟರೆ ಒಣಗಿ ಸಾಯುತ್ತದೆ. ಉಪ್ಪು, ಸೀಮೆಎಣ್ಣೆ ಸುರಿಯುವುದಂತೂ ಬೇಡವೇ ಬೇಡ. ಆದರೆ ಮೈಮೇಲೆ ಪಟ್ಟೆ ಇದ್ದರೆ ಅಥವಾ ಕಣ್ಣು ಎದ್ದು ಕಾಣುತ್ತಿದ್ದರೆ ಅದು ಹುಳುಹಾವಲ್ಲ, ಎಷ್ಟು ಚಿಕ್ಕದಾದರೂ ಮುಟ್ಟಬೇಡಿ, ಹಾವು ಹಿಡಿಯಲು ಗೊತ್ತಿರುವವರನ್ನು ಕರೆಯಿರಿ.